ಹಳೆ ಸ್ವಿಫ್ಟ್‌ಗೆ ಕ್ಸೆನಾನ್ ಕಿಟ್ ಹಾಕಿಸಬಹುದಾ? ರಾತ್ರಿ ಯಾದಗಿರಿ ರೋಡ್ ಕಾಣ್ತಾನೇ ಇಲ್ಲ

ಕಪ್ಪುಮಣ್ಣು33

ಎಲ್ಲರಿಗೂ ಶರಣು. ನನ್ನದು 2014ರ ಸ್ವಿಫ್ಟ್ ಡೀಸೆಲ್, ಕೆಎ-33 ಪಾಸಿಂಗ್. ಕೆಲಸ ಕಲಬುರಗಿಯಲ್ಲಿ, ಊರು ಯಾದಗಿರಿ ಕಡೆ. ಶನಿವಾರ ಡ್ಯೂಟಿ ಮುಗಿಸಿ ಹೊರಡುವಷ್ಟರಲ್ಲಿ ಕತ್ತಲಾಗಿರುತ್ತದೆ. ಶಹಾಬಾದ್ ದಾಟಿ ವಾಡಿ ಕಡೆ ಹೋಗುವಾಗ ಸಿಮೆಂಟ್ ಲಾರಿಗಳ ಧೂಳು, ನಾಲವಾರ ದಾಟಿದ ಮೇಲೆ ದೂರದವರೆಗೂ ಒಂದು ದೀಪ ಇಲ್ಲ. ಈಗಂತೂ ಕಬ್ಬಿನ ಟ್ರ್ಯಾಕ್ಟರು, ಹತ್ತಿ ತುಂಬಿದ ಟೆಂಪೊ. ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ತೀರಾ ಹತ್ತಿರ ಹೋದ ಮೇಲೇ ಕಾಣುತ್ತವೆ. ಎಮ್ಮೆಗಳ ಸುದ್ದಿ ಕೇಳಲೇಬೇಡಿ, ಡಾಂಬರೂ ಕರಿ, ಅವೂ ಕರಿ.

ಗಾಡಿಯ ಕಂಪನಿ ಲೈಟು ಹಳದಿ ಹಳದಿಯಾಗಿ ಮಂಕಾಗಿದೆ. ಒಬ್ಬ ಅಂಗಡಿಯವನು ಕ್ಸೆನಾನ್ ಎಚ್ಐಡಿ (ತಂತಿ ಬದಲು ಕಿಡಿಯಿಂದ ಬೆಳಗುವ ಬಲ್ಬ್) ಕಿಟ್ ತೋರಿಸಿದ. ಎಚ್4 ಹೈ-ಲೋ (ಒಂದೇ ಬಲ್ಬಿನಲ್ಲಿ ದೂರದ ಬೆಳಕು, ಹತ್ತಿರದ ಬೆಳಕು ಎರಡೂ), 55 ವ್ಯಾಟ್, 8000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಒಂದು ತಾಸಿನ ಕೆಲಸ, ಹಳೆ ಬಲ್ಬ್ ತೆಗೆದು ಇದನ್ನು ಕೂರಿಸಿದರೆ ಮುಗೀತು, ಒಂದು ವೈರೂ ಕಟ್ ಮಾಡುವುದಿಲ್ಲ ಅಂದ. ನನ್ನ ಗೆಳೆಯನ ಗಾಡಿಗೆ ಅದೇ ಕಿಟ್ ಇದೆ, ಹಾಕಿದರೆ ಮುಂದೆಲ್ಲಾ ಹಗಲಾದ ಹಾಗೆ ಇರುತ್ತದೆ, ಅದನ್ನು ನೋಡಿದ ಮೇಲೆ ನನ್ನ ಲೈಟು ಹಚ್ಚುವುದಕ್ಕೇ ಮನಸ್ಸು ಬರುತ್ತಿಲ್ಲ.

ಕೇಳಬೇಕಾದ್ದು ಇಷ್ಟು. ಬ್ಯಾಟರಿ, ವೈರಿಂಗ್‌ಗೆ ತೊಂದರೆ ಆಗುತ್ತದಾ? ಮಳೆಯಲ್ಲಿ ಕಾಣುತ್ತದಾ? ಪೊಲೀಸರು ಹಿಡಿಯುತ್ತಾರಾ? ಇಲ್ಲಿ ಹಾಕಿಸಿದವರು ಇದ್ದರೆ ಖರೇ ಹೇಳಿ.

ವೈರಿಂಗ್ ಕಾಕಾ

ತಮ್ಮಾ, ದುಡ್ಡು ಕೊಡುವ ಮೊದಲು ಎರಡು ಕೆಲಸ ಮಾಡು. ಒಂದು, ಹಗಲಿನಲ್ಲಿ ಹೆಡ್‌ಲೈಟ್ ಮುಂದೆ ಕೂತು ಪ್ಲಾಸ್ಟಿಕ್ ನೋಡು. ಹಳದಿಯಾಗಿದೆಯಾ, ಮಸುಕಾಗಿದೆಯಾ? ಇನ್ನೊಂದು, ಗಾಡಿ ಚಾಲೂ ಇಟ್ಟು ಲೋಬೀಮ್ ಹಾಕಿ ಬಲ್ಬ್ ಹೋಲ್ಡರ್ ಹತ್ತಿರ ಎಷ್ಟು ವೋಲ್ಟ್ ಬರುತ್ತಿದೆ ಅಂತ ಮೀಟರ್ ಹಿಡಿಸು. ಹೋಲ್ಡರ್ ಬಿಚ್ಚಿ ನೋಡಬೇಡ, ಆಗ ಲೋಡ್ ಇರುವುದಿಲ್ಲ, ಮೀಟರ್ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಹಿಂದಿನಿಂದ ಸೂಜಿ ಕೊಟ್ಟು ನೋಡಬೇಕು. ಬ್ಯಾಟರಿ ಮೇಲೆ ಎಷ್ಟಿದೆ ಅದನ್ನೂ ಬರೆದುಕೋ.

ಎರಡೂ ಇಲ್ಲಿ ಹಾಕು. ಆಮೇಲೆ ಮಾತಾಡೋಣ.

ಹಳದಿ ಬೋರ್ಡ್ 38

ನಾನು ಬೀದರ್–ಕಲಬುರಗಿ ಬಾಡಿಗೆ ಗಾಡಿ ಓಡಿಸುವವನು. ಹುಮನಾಬಾದ್, ಕಮಲಾಪುರ ಮೇಲಿಂದ ರಾತ್ರಿ ಬರುವುದೇ ಜಾಸ್ತಿ. ನಿಮಗೆ ಕಾಣುತ್ತದೋ ಇಲ್ಲವೋ ಆಮೇಲೆ ನೋಡೋಣ ಅಣ್ಣಾ, ಎದುರಿಗೆ ಬರುವ ನನಗೆ ಮಾತ್ರ ಏನೂ ಕಾಣುವುದಿಲ್ಲ.

ಈ ನೀಲಿ ಲೈಟಿನವರು ಡಿಮ್ ಮಾಡಿದರೂ ಅದು ಡಿಮ್ ಅಲ್ಲ. ನಾವು ಡಿಪ್ಪರ್ ಹೊಡೆದು ಹೊಡೆದು ಸಾಕಾಗುತ್ತದೆ, ಅವರು ‘ಲೋದಲ್ಲೇ ಇದೆಯಲ್ಲಾ’ ಅಂದುಕೊಂಡು ಹಾಗೇ ಬರುತ್ತಾರೆ. ಗಾಡಿ ಪಕ್ಕಕ್ಕೆ ದಾಟಿ ಹೋದ ಮೇಲೂ ಕೆಲವು ಸೆಕೆಂಡ್ ಕಣ್ಣ ಮುಂದೆ ಬರೀ ಕಪ್ಪು. 80ರ ಸ್ಪೀಡಿನಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ ಗಾಡಿ. ಆ ಕಪ್ಪಿನೊಳಗೇ ನೀವು ಹೇಳಿದ ಲೈಟಿಲ್ಲದ ಟ್ರಾಲಿ ನಿಂತಿರುತ್ತದೆ. ವಯಸ್ಸಾದ ಡ್ರೈವರ್‌ಗಳಿಗೆ ಕಣ್ಣು ಮರಳಿ ಹೊಂದಿಕೊಳ್ಳುವುದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು.

ನಿಮ್ಮ ಗೆಳೆಯರ ಗಾಡಿಯೊಳಗೆ ಕೂತು ನೋಡಿದ್ದೀರಿ. ಒಂದು ದಿನ ಅದರ ಎದುರಿಗೆ ಬಂದು ನೋಡಿ.

ದೀಪದ ಹುಚ್ಚ

ಮೇಲಿನವರು ಸಿಟ್ಟಿನಲ್ಲಿ ಬರೆದರೂ ಮಾತು ಬರೋಬರ್ ಇದೆ. ಯಾಕೆ ಹಾಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆದರೆ ಸಹಿಸಿಕೊಳ್ಳಿ.

ಕ್ಸೆನಾನ್ ಕೆಟ್ಟದ್ದಲ್ಲ. 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಮೊದಲು ಬಂತು, ಆಮೇಲೆ ಎಷ್ಟೋ ವರ್ಷ ದುಬಾರಿ ಗಾಡಿಗಳಲ್ಲಿ ಅದೇ ಇತ್ತು. ಅದರಲ್ಲಿ ತಂತಿ ಇರುವುದಿಲ್ಲ. ಗಾಜಿನ ಸಣ್ಣ ಗುಂಡಿನೊಳಗೆ ಕ್ಸೆನಾನ್ ಅನಿಲ, ಜೊತೆಗೆ ಲೋಹದ ಲವಣಗಳು. ಬ್ಯಾಲಸ್ಟ್ ಅನ್ನುವ ಕರೆಂಟು ಹೊಂದಿಸುವ ಪೆಟ್ಟಿಗೆ ಮೊದಲು 20,000 ವೋಲ್ಟ್‌ಗೂ ಮೇಲೆ ಕೊಟ್ಟು ಕಿಡಿ ಹೊತ್ತಿಸುತ್ತದೆ, ಹೊತ್ತಿದ ಮೇಲೆ 85 ವೋಲ್ಟ್ ಆಸುಪಾಸಿನಲ್ಲಿ ಉರಿಸುತ್ತದೆ. ಅದಕ್ಕೇ ಹಾಕಿದ ತಕ್ಷಣ ಮಂಕಾಗಿದ್ದು, ಕೆಲವು ಸೆಕೆಂಡ್ ಬಿಟ್ಟು ಪೂರ್ತಿ ಬೆಳಗುತ್ತದೆ. ಕಂಪನಿ ಕ್ಸೆನಾನ್ 35 ವ್ಯಾಟಿಗೆ ಸುಮಾರು 3200 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಕೊಡುತ್ತದೆ. ನಿಮ್ಮ ಎಚ್4 ಹ್ಯಾಲೊಜೆನ್ ಲೋಬೀಮಿನಲ್ಲಿ 55 ವ್ಯಾಟ್ ತಿಂದು ಕೊಡುವುದು 1000ದ ಆಸುಪಾಸು. ಅಂದರೆ ಬೆಳಕು ಮೂರು ಪಟ್ಟು, ಇದು ನಿಜ. ಅಂಗಡಿಯವನು ಸುಳ್ಳು ಹೇಳಿಲ್ಲ.

ಆದರೆ ಆ ಮೂರು ಪಟ್ಟು ಬೆಳಕು ಎಲ್ಲಿಗೆ ಹೋಗುತ್ತದೆ ಅನ್ನುವುದು ಬಲ್ಬಿನ ಕೈಯಲ್ಲಿಲ್ಲ, ಹಿಂದಿನ ರಿಫ್ಲೆಕ್ಟರ್ ಕೈಯಲ್ಲಿದೆ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿ, ಲೋಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು. ಆ ಬಟ್ಟಲಿನಿಂದಾಗಿ ಲೋದಲ್ಲಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬೀಳುತ್ತದೆ, ಅದು ಕೆಳಗೆ ರಸ್ತೆಗೆ ತಿರುಗುತ್ತದೆ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಆ ಸಣ್ಣ ನೇರ ತಂತಿ ಇಂಥಲ್ಲೇ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ, ಮಿಲಿಮೀಟರ್ ಲೆಕ್ಕ ಅದು. ಕ್ಸೆನಾನ್ ಕಿಡಿಗೆ ಆ ಆಕಾರ ಇಲ್ಲ, ಅದು ಬಾಗಿದ ಕಿಡಿ, ಎರಡು ತುದಿಯಲ್ಲಿ ಜಾಸ್ತಿ ಪ್ರಖರ. ಬೇರೆಯವರ ನಂಬರಿನ ಚಷ್ಮಾ ಹಾಕಿಕೊಂಡ ಹಾಗೆ. ಬೆಳಕು ಮೇಲೆ ಮರಕ್ಕೆ, ಪಕ್ಕದ ಹೊಲಕ್ಕೆ, ಎದುರಿನವನ ಕಣ್ಣಿಗೆ, ಮತ್ತೆ ನಿಮ್ಮದೇ ಬಂಪರ್ ಮುಂದಿನ ಹತ್ತಿಪ್ಪತ್ತು ಮೀಟರಿಗೆ ಚೆಲ್ಲಾಡುತ್ತದೆ.

‘ಹಗಲಾದ ಹಾಗೆ’ ಅನ್ನಿಸುವುದು ಆ ಹತ್ತಿಪ್ಪತ್ತು ಮೀಟರಿನಿಂದ. ಹತ್ತಿರ ಅಷ್ಟು ಬೆಳಕಿದ್ದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಕತ್ತಲೆ ಇನ್ನೂ ಕತ್ತಲೆಯಾಗುತ್ತದೆ. 80ರಲ್ಲಿ ಹೋಗುತ್ತಿರುವಾಗ ಏನಾದರೂ ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ ಸುಮಾರು 70 ಮೀಟರ್ ಬೇಕು. ನಿಮಗೆ ಬೆಳಕು ಬೇಕಾಗಿರುವುದು ಅಲ್ಲಿ. ಕಿಟ್ ಅದನ್ನು ಕೊಡುವುದಿಲ್ಲ.

ಇನ್ನು 8000 ಕೆಲ್ವಿನ್. ಕಂಪನಿಯವರು ಕ್ಸೆನಾನ್ ಗಾಡಿಗೆ ಹಾಕುವುದು 4300 ಆಸುಪಾಸಿನದು, ಬಿಳಿ, ಕೊಂಚ ಬೆಚ್ಚಗಿನ ಬಿಳಿ. ನಂಬರ್ ಏರಿದಷ್ಟೂ ನೀಲಿ, ಬೆಳಕು ಕಡಿಮೆ. ಸ್ಟೈಲಿಗೆ ಸರಿ. ಮಳೆ ಬಿದ್ದ ಕರಿ ರಸ್ತೆಯಲ್ಲಿ ಆ ನೀಲಿ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ, ವಾಡಿ ಕಡೆಯ ಧೂಳಿನಲ್ಲಂತೂ ಮುಂದೆ ಬಿಳಿ ಪರದೆ ಕಟ್ಟುತ್ತದೆ.

ಸ್ಟೇಷನ್ ಬಜಾರ್

ನಾನು ಒಪ್ಪುವುದಿಲ್ಲ. ನನ್ನ ಗಾಡಿಗೆ ಕಿಟ್ ಹಾಕಿಸಿ ಬಹಳ ದಿನ ಆಯಿತು, ಏನೂ ಆಗಿಲ್ಲ, ಯಾರೂ ಹಿಡಿದಿಲ್ಲ. ಎದುರಿನಿಂದ ಬರುವ ಲಾರಿ, ಟ್ರಾವೆಲ್ಸ್ ಬಸ್ಸು ಎಲ್ಲರೂ ಹೈಬೀಮ್‌ನಲ್ಲೇ ಬರುತ್ತಾರೆ, ಮೇಲೆ ಎಲ್ಇಡಿ ಬಾರ್ ಬೇರೆ. ನಾವೊಬ್ಬರೇ ಮೇಣದಬತ್ತಿ ಹಚ್ಚಿಕೊಂಡು ಸತ್ಯಹರಿಶ್ಚಂದ್ರ ಆಗಬೇಕಾ? ಅವರಿಗೆ ಕಣ್ಣು ಕುಕ್ಕಿದರೆ ಅವರೇ ಡಿಮ್ ಮಾಡುತ್ತಾರೆ. 55 ವ್ಯಾಟ್ ಬೇಡ ಅಂದರೆ 35 ವ್ಯಾಟ್ 6000 ಹಾಕಿಸಿ, ಸ್ವಲ್ಪ ಕೆಳಗೆ ಸೆಟ್ಟಿಂಗ್ ಮಾಡಿಸಿ, ಮುಗೀತು. ಸುಮ್ನೆ ಜನರನ್ನು ಹೆದರಿಸಬೇಡಿ.

ಕಪ್ಪುಮಣ್ಣು33

ದೀಪದ ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಅಂಗಡಿಯವನು ಇದು ಹೈ-ಲೋ ಬಲ್ಬ್, ಒಳಗೆ ಮ್ಯಾಗ್ನೆಟ್ ಇದೆ, ಲೋ ಹಾಕಿದರೆ ಬಲ್ಬೇ ಹಿಂದೆ ಮುಂದೆ ಸರಿಯುತ್ತದೆ, ಎದುರಿನವರಿಗೆ ಹೊಡೆಯುವುದಿಲ್ಲ ಅಂದಿದ್ದಾನೆ. ಅದೂ ಸುಳ್ಳಾ? ಮತ್ತೆ ಸ್ಟೇಷನ್ ಬಜಾರ್ ಸರ್ ಹೇಳಿದ ಹಾಗೆ 35 ವ್ಯಾಟ್ ಹಾಕಿ ಕೆಳಗೆ ಬಗ್ಗಿಸಿದರೆ?

ಕಾಕಾ, ನಾಳೆ ಮೀಟರ್ ಹಿಡಿಸಿ ಹೇಳುತ್ತೇನೆ. ಪ್ಲಾಸ್ಟಿಕ್ ಹಳದಿ ಆಗಿರುವುದು ಪಕ್ಕಾ, ಮೇಲ್ಗಡೆ ಹಾಲು ಬಳಿದ ಹಾಗೆ ಕಾಣುತ್ತದೆ.

ದೀಪದ ಹುಚ್ಚ

ಸರಿಯುವುದು ನಿಜ. ಒಂದೇ ಕಿಡಿಯನ್ನು ಹೈಗೆ ಒಂದು ಜಾಗ, ಲೋಗೆ ಇನ್ನೊಂದು ಜಾಗಕ್ಕೆ ಮ್ಯಾಗ್ನೆಟ್ ಎಳೆಯುತ್ತದೆ, ಸುತ್ತ ತಗಡಿನ ಮರೆ ಕೊಟ್ಟಿರುತ್ತಾರೆ. ಆದರೆ ಕಿಡಿಯ ಆಕಾರ, ದಪ್ಪ ಬದಲಾಗುವುದಿಲ್ಲವಲ್ಲ. ಮರೆ ಕೂಡ ಹ್ಯಾಲೊಜೆನ್ ಬಟ್ಟಲಿನಷ್ಟು ಬರೋಬರ್ ಕೂರುವುದಿಲ್ಲ. ಗೋಡೆಗೆ ಹಾಕಿ ನೋಡಿದರೆ ಕಟ್‌ಆಫ್ ಗೆರೆ, ಅಂದರೆ ಬೆಳಕಿನ ಮೇಲಂಚು, ಕರಗಿಹೋಗಿರುತ್ತದೆ. ಜೊತೆಗೆ ಸರಿಯುವ ಭಾಗ ನಮ್ಮ ರಸ್ತೆಯ ಗುಂಡಿಗೆ ಬೇಗ ಸಡಿಲ ಆಗುತ್ತದೆ. ಆಮೇಲೆ ಲೋ ಅಂದರೂ ಹೈ, ಹೈ ಅಂದರೂ ಲೋ.

ಹಗಲಿನಲ್ಲಿ ಲೈಟ್ ಆಫ್ ಇದ್ದಾಗ ಓವರ್‌ಟೇಕ್‌ಗೆ ಡಿಪ್ಪರ್ ಹೊಡೆಯುತ್ತೀರಿ ಅಲ್ವಾ, ಪ್ರತಿ ಸಲ ಹೊಸದಾಗಿ ಕಿಡಿ ಹೊತ್ತಬೇಕು. ಬೆಳಕು ಬರುವಷ್ಟರಲ್ಲಿ ಲಾರಿ ಪಕ್ಕಕ್ಕೆ ಬಂದಿರುತ್ತದೆ, ಬಲ್ಬಿನ ಆಯುಷ್ಯವೂ ಕಡಿಮೆ ಆಗುತ್ತದೆ.

35 ವ್ಯಾಟ್ ಹಾಕಿದರೆ ಚೆಲ್ಲುವುದು ಕಡಿಮೆ ಆಗುತ್ತದೆ, ನಿಲ್ಲುವುದಿಲ್ಲ. ಇನ್ನು ಬಗ್ಗಿಸುವುದು. ಎಚ್4ರಲ್ಲಿ ಹೈ, ಲೋ ಎರಡೂ ಒಂದೇ ರಿಫ್ಲೆಕ್ಟರ್, ಒಂದೇ ಸ್ಕ್ರೂ. ಲೋ ಯಾರಿಗೂ ಹೊಡೆಯದಷ್ಟು ಬಗ್ಗಿಸಿದರೆ ಹೈಬೀಮೂ ನೆಲ ನೋಡುತ್ತದೆ. ಖಾಲಿ ರೋಡಿನಲ್ಲಿ ಹೈಬೀಮ್ ಇಲ್ಲದ ಗಾಡಿ ತಗೊಂಡು ಏನು ಮಾಡುತ್ತೀರಿ?

ನಿಮಗೆ ಕ್ಸೆನಾನೇ ಬೇಕು ಅಂದರೆ ಸರಿಯಾದ ದಾರಿ ಒಂದೇ, ಬೈ-ಕ್ಸೆನಾನ್ ಪ್ರೊಜೆಕ್ಟರ್. ಮುಂದೆ ದಪ್ಪ ಗಾಜಿನ ಗುಂಡು, ಒಳಗೆ ಬಟ್ಟಲಿನಂಥ ರಿಫ್ಲೆಕ್ಟರ್, ನಡುವೆ ಒಂದು ತಗಡಿನ ಶಟರ್. ಶಟರ್ ಮೇಲಿದ್ದರೆ ಲೋ, ಚಾಕುವಿನಲ್ಲಿ ಕತ್ತರಿಸಿದಂಥ ಗೆರೆ. ಹೈ ಹಾಕಿದರೆ ಶಟರ್ ಬೀಳುತ್ತದೆ. ಕಿಡಿಯ ಆಕಾರಕ್ಕೆ ತಕ್ಕಂತೆಯೇ ಮಾಡಿದ್ದು ಇದು. ಆದರೆ ಇದು ಒಂದು ತಾಸಿನ ಕೆಲಸ ಅಲ್ಲ. ಹೆಡ್‌ಲೈಟ್ ಪೂರ್ತಿ ಬಿಚ್ಚಿ, ಬಿಸಿ ಮಾಡಿ ಅಂಟು ಮೆತ್ತಗೆ ಮಾಡಿ, ಮುಂದಿನ ಪ್ಲಾಸ್ಟಿಕ್ ತೆಗೆದು, ಒಳಗೆ ಪ್ರೊಜೆಕ್ಟರ್ ನೇರ ಕೂರಿಸಿ, ಮತ್ತೆ ಬ್ಯುಟೈಲ್ ಅಂಟು ಹಾಕಿ ಮುಚ್ಚಬೇಕು. ಅಂಟು ಒಂದು ಕಡೆ ಬಿಟ್ಟರೂ ಮಳೆಗಾಲದಲ್ಲಿ ಒಳಗೆ ನೀರು, ಬೇಸಿಗೆಯಲ್ಲಿ ಧೂಳು. ಕಲಬುರಗಿಯಲ್ಲಿ ಮೇ ತಿಂಗಳು 43 ಡಿಗ್ರಿ, ಬಾನೆಟ್ ಒಳಗಿನ ಬಿಸಿ ಬೇರೆ, ಅಗ್ಗದ ಬ್ಯಾಲಸ್ಟ್ ಆ ಬೇಸಿಗೆ ದಾಟುವುದೇ ಕಷ್ಟ.

ಹೈದರಾಬಾದಿನಲ್ಲಿ ಈ ಕೆಲಸ ಮಾಡುವವರು ಇದ್ದಾರೆ. ಹೋಗುವುದಾದರೆ ಒಂದನ್ನು ಮರೆಯಬೇಡಿ. ನಾವು ರಸ್ತೆಯ ಎಡಕ್ಕೆ ಹೋಗುವವರು, ಹಾಗಾಗಿ ನಮ್ಮ ಲೋಬೀಮಿನ ಗೆರೆ ಎಡಗಡೆ ಮೇಲೇರಬೇಕು, ಬಲಗಡೆ ತಗ್ಗಿರಬೇಕು. ಬಲಕ್ಕೆ ಓಡಿಸುವ ದೇಶಗಳಿಗೆ ಅಂತ ಮಾಡಿದ ಪ್ರೊಜೆಕ್ಟರೂ ಇದೇ ಮಾರ್ಕೆಟ್ಟಿಗೆ ಬರುತ್ತದೆ, ಅದರಲ್ಲಿ ಬಲಗಡೆ ಏರಿರುತ್ತದೆ, ಅಂದರೆ ನೇರ ಎದುರಿನವನ ಮುಖಕ್ಕೆ. ಕೂರಿಸುವ ಮೊದಲೇ ಗೋಡೆಗೆ ಹಾಕಿ ತೋರಿಸು ಅನ್ನಿ.

ಯುರೋಪಿನಲ್ಲಿ 2000 ಲ್ಯೂಮೆನ್‌ಗಿಂತ ಜಾಸ್ತಿ ಇರುವ ಲೋಬೀಮಿಗೆ ತಾನೇ ಎತ್ತರ ಸರಿಮಾಡಿಕೊಳ್ಳುವ ವ್ಯವಸ್ಥೆ, ಲೈಟ್ ತೊಳೆಯುವ ನೀರಿನ ಪಿಚಕಾರಿ ಎರಡೂ ಬೇಕು ಅಂತ ನಿಯಮ ಬಂದದ್ದು ಸುಮ್ನೆ ಅಲ್ಲ. ಹಿಂದೆ ನಾಲ್ಕು ಜನ ಕೂತರೆ ಮೂತಿ ಮೇಲೇಳುತ್ತದೆ, ಗಾಜಿನ ಮೇಲೆ ಕೆಸರು ಕೂತರೆ ಬೆಳಕು ಚೆದುರುತ್ತದೆ. ಹ್ಯಾಲೊಜೆನ್‌ನಲ್ಲಿ ಅದು ನಡೆದುಹೋಗುತ್ತದೆ, ಇದರಲ್ಲಿ ನಡೆಯುವುದಿಲ್ಲ.

ತೊಗರಿ ಕಣಜ

ಪೊಲೀಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯ ವಿವರ ಬದಲಾಗುವಂತೆ ಮಾರ್ಪಾಡು ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅದರಲ್ಲಿ ಮಾಲೀಕನೇ ನಿಯಮ ಮೀರಿ ಮಾರ್ಪಾಡು ಮಾಡಿಸಿದ್ದರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ರಸ್ತೆಯಲ್ಲಿ ಹಿಡಿದವರು ಸಾಮಾನ್ಯವಾಗಿ 177ನೇ ಕಲಂನಲ್ಲಿ ಮುಗಿಸುತ್ತಾರೆ, ಮೊದಲ ಸಲ 500 ರೂಪಾಯಿ. 2024ರ ಜುಲೈಯಿಂದ ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದಾದ್ಯಂತ ಪೊಲೀಸರು ವಿಶೇಷ ಕಾರ್ಯಾಚರಣೆ ಮಾಡಿದ್ದು ನೆನಪಿರಬಹುದು.

‘ಯಾರೂ ಹಿಡಿದಿಲ್ಲ’ ಅನ್ನುವ ಸ್ಟೇಷನ್ ಬಜಾರ್ ಸರ್‌ಗೆ ಒಂದು ಮಾತು. ಪೊಲೀಸರು ಬಿಟ್ಟರೂ ಇನ್ಶೂರೆನ್ಸ್ ಸರ್ವೇಯರ್ ಬಿಡುವುದಿಲ್ಲ. ನಾಳೆ ರಾತ್ರಿ ಹೊತ್ತು ಏನಾದರೂ ಆಗಿ ಕ್ಲೇಮ್ ಹಾಕಿದಾಗ ಬಾನೆಟ್ ಎತ್ತಿದ ಕೂಡಲೇ ಎರಡು ಬ್ಯಾಲಸ್ಟ್ ಪೆಟ್ಟಿಗೆ ಕಾಣುತ್ತವೆ. ತಿಳಿಸದೆ ಮಾಡಿದ ಮಾರ್ಪಾಡು ಅಂತ ತಕರಾರು ಶುರು. ಶೋರೂಂ ವಾರಂಟಿಯ ಕಥೆಯೂ ಅದೇ, ಆದರೆ 2014ರ ಗಾಡಿಗೆ ಆ ಚಿಂತೆ ಇಲ್ಲ ಬಿಡಿ.

ಪ್ರೊಜೆಕ್ಟರ್ ಹಾಕಿಸಿದರೂ ಕಾಗದದ ಲೆಕ್ಕದಲ್ಲಿ ಅದೂ ಮಾರ್ಪಾಡೇ. ಎದುರಿನವರಿಗೆ ತೊಂದರೆ ಇಲ್ಲ ಅನ್ನುವುದು ಬೇರೆ ಮಾತು, ಕಾನೂನು ಬೇರೆ ಮಾತು.

ಸ್ಟೇಷನ್ ಬಜಾರ್

ಹಂಗಾದರೆ ಟ್ರಾಲಿ ಹಿಂದೆ ಒಂದು ರೇಡಿಯಂ ಪಟ್ಟಿ ಇಲ್ಲದವರನ್ನು ಮೊದಲು ಹಿಡಿಯಲಿ ಸರ್. ಕಾನೂನು ನಮಗೆ ಮಾತ್ರ ಯಾಕೆ.

ಹಳದಿ ಬೋರ್ಡ್ 38

ಅದು ಖರೇ ಇದೆ. ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರಾಲಿ ಜೋಡಿಸಿಕೊಂಡು ರಾತ್ರಿಯೆಲ್ಲಾ ಫ್ಯಾಕ್ಟರಿ ಮುಂದೆ ಸಾಲು ನಿಲ್ಲುತ್ತಾರೆ, ಕೆಲವರು ರೋಡ್ ಮೇಲೇ ನಿಲ್ಲಿಸಿ ಚಹಾ ಕುಡಿಯಲು ಹೋಗುತ್ತಾರೆ. ಅವರಿಗೂ ಹೇಳಬೇಕು. ಆದರೆ ಅಣ್ಣಾ, ನಿಮ್ಮ ನೀಲಿ ಲೈಟಿಗೆ ನನ್ನ ಕಣ್ಣು ಮುಚ್ಚಿದರೆ ಆ ಟ್ರಾಲಿಗೆ ಗುದ್ದುವುದು ನಾನು.

ಕಪ್ಪುಮಣ್ಣು33

ಕಾಕಾ, ಮೀಟರ್ ಹಿಡಿಸಿದೆ. ಗಾಡಿ ಚಾಲೂ, ಲೋಬೀಮ್ ಆನ್. ಬ್ಯಾಟರಿ ಮೇಲೆ 14.0. ಎಡ ಬಲ್ಬ್ ಹೋಲ್ಡರ್‌ನಲ್ಲಿ 12.1, ಬಲದಲ್ಲಿ 12.2. ಬಲ್ಬ್ ಮೇಲಿನ ಗುರುತು ನೋಡಿದೆ, 60/55 ವ್ಯಾಟ್ (ಹೈಗೆ 60, ಲೋಗೆ 55), ಗಾಜಿನ ಒಳಗೆ ಸ್ವಲ್ಪ ಕಪ್ಪಾಗಿದೆ. ಗಾಡಿ ತಗೊಂಡಾಗಿನಿಂದ ಬದಲಿಸಿಲ್ಲ ಅನ್ನಿಸುತ್ತದೆ, ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು.

ವೈರಿಂಗ್ ಕಾಕಾ

ಹಾಂ, ಈಗ ಸರಿಯಾಯಿತು. ಅಲ್ಲೇ ಇದೆ ನೋಡು ನಿನ್ನ ಕ್ಸೆನಾನ್.

ಬ್ಯಾಟರಿಯಿಂದ ಬಲ್ಬಿಗೆ ಹೋಗುವ ದಾರಿಯಲ್ಲಿ ಸುಮಾರು 2 ವೋಲ್ಟ್ ತಿಂದುಹೋಗುತ್ತಿದೆ. ಸಣ್ಣ ವೈರು, ಹಳೆ ಕಾಂಬಿನೇಷನ್ ಸ್ವಿಚ್, ಜಂಗು ಹಿಡಿದ ಅರ್ಥ್. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. 13.2 ವೋಲ್ಟಿನಲ್ಲಿ ಬಲ್ಬಿನ ಬೆಳಕು ಅಳೆಯುತ್ತಾರೆ ಕಂಪನಿಯವರು. ನಿನ್ನ 12.1ಕ್ಕೆ ಅದರಲ್ಲಿ ಸುಮಾರು ಕಾಲು ಭಾಗ ಇಲ್ಲ. ಬಲ್ಬ್ ಕಪ್ಪಾಗಿದ್ದಕ್ಕೆ ಇನ್ನಷ್ಟು ಹೋಯಿತು, ಪ್ಲಾಸ್ಟಿಕ್ ಹಾಲು ಬಳಿದ ಹಾಗಿದ್ದರೆ ಮತ್ತಷ್ಟು ಹೋಯಿತು, ಉಳಿದದ್ದು ಅಡ್ಡಾದಿಡ್ಡಿ. ನೀನು ಓಡಿಸುತ್ತಿರುವುದು ಅರ್ಧ ಲೈಟಿನ ಗಾಡಿ. ಇದರ ಮೇಲೆ ಕ್ಸೆನಾನ್ ಹಾಕಿದರೆ ಆ ಹಾಲಿನ ಪ್ಲಾಸ್ಟಿಕ್ ಪೂರ್ತಿ ಒಂದು ಬಿಳಿ ತಟ್ಟೆ ಆಗುತ್ತದೆ, ಬೀದರಿನವರು ಬೈದದ್ದು ಸಾಲದೆ ಹೋಗುತ್ತದೆ.

ಮೊದಲು ಪ್ಲಾಸ್ಟಿಕ್. ಟೂತ್‌ಪೇಸ್ಟ್ ಉಜ್ಜಿದರೆ ನಾಲ್ಕು ದಿನ ಹೊಳೆಯುತ್ತದೆ, ಮತ್ತೆ ಅಷ್ಟೇ. ನೀರು ಹಾಕುತ್ತಾ 800, 1500, 2000 ನಂಬರ್ ಪಾಲಿಶ್ ಪೇಪರ್ ಹೊಡೆಯಬೇಕು. ಶುರುವಿನಲ್ಲಿ ಇನ್ನೂ ಮಸುಕಾದ ಹಾಗೆ ಕಾಣುತ್ತದೆ, ಹೆದರಬೇಡ. ಆಮೇಲೆ ಕಂಪೌಂಡ್ ಹಾಕಿ ಬಫ್. ಕೊನೆಗೆ ಯುವಿ ಕ್ಲಿಯರ್ ಕೋಟ್ ಹೊಡೆಸಲೇಬೇಕು. ಕಂಪನಿಯ ಮೇಲ್ಪದರ ಬಿಸಿಲಿಗೆ ಸುಟ್ಟೇ ಹಳದಿ ಆದದ್ದು, ಹೊಸ ಪದರ ಕೊಡದಿದ್ದರೆ ನಮ್ಮ ಬಿಸಿಲಿಗೆ ಬೇಗನೇ ಮತ್ತೆ ಹಾಗೇ ಆಗುತ್ತದೆ. ತುಂಬಾ ಒಳಗೆ ಬಿರುಕು ಬಿಟ್ಟಿದ್ದರೆ, ಇಲ್ಲ ಒಳಗಿನ ರಿಫ್ಲೆಕ್ಟರ್ ಮಾಸಿದ್ದರೆ ಪಾಲಿಶ್ ಬೇಡ, ಹೆಡ್‌ಲೈಟ್ ಜೋಡಿಯನ್ನೇ ಬದಲಿಸು.

ಎರಡನೆಯದು ರಿಲೇ ವೈರಿಂಗ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್. ಬ್ಯಾಟರಿ ಪ್ಲಸ್‌ನಿಂದ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರ್ ಪಿನ್‌ಗೆ, 87ರಿಂದ ಬಲ್ಬಿಗೆ. ಹಳೆ ಹೋಲ್ಡರ್‌ನ ಕರೆಂಟು ಈಗ 85, 86ರ ಕಾಯಿಲ್ ಎಳೆಯುವುದಕ್ಕೆ ಮಾತ್ರ. ಲೋಗೆ ಒಂದು ರಿಲೇ, ಹೈಗೆ ಒಂದು. ಬಲ್ಬಿನ ಕಡೆ ಸೆರಾಮಿಕ್ ಹೋಲ್ಡರ್. ರೆಡಿ ಹಾರ್ನೆಸ್ (ಜೋಡಿಸಿಟ್ಟ ವೈರುಗಳ ಸೆಟ್) ಸಿಗುತ್ತದೆ, ಕಂಪನಿ ಪ್ಲಗ್‌ಗೇ ಸೇರುತ್ತದೆ, ವೈರ್ ಕತ್ತರಿಸುವ ಕೆಲಸ ಇಲ್ಲ. ಒಂದು ಎಚ್ಚರ, ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಪ್ಲಸ್ ಕಡೆ ಇರುವುದಿಲ್ಲ, ಅರ್ಥ್ ಕಡೆ ಇರುತ್ತದೆ. ಸುಜುಕಿ ಗಾಡಿಗಳಲ್ಲಿ ಇದನ್ನು ನೋಡಿಯೇ ಮುಂದುವರಿಯಬೇಕು. ಟೆಸ್ಟರ್ ಇಡದೆ ಹಾಕುವ ಹುಡುಗನ ಕೈಗೆ ಗಾಡಿ ಕೊಡಬೇಡ, ಲೈಟ್ ಹತ್ತಲ್ಲ ಅಂತ ಅವನು ಅಲ್ಲಿ ಇಲ್ಲಿ ಕಟ್ ಮಾಡಲು ಶುರು ಮಾಡುತ್ತಾನೆ.

ಮೂರನೆಯದು ಹೊಸ ಬಲ್ಬ್, 60/55ರದ್ದೇ. ಫಿಲಿಪ್ಸ್, ಓಸ್ರಾಮ್, ಬಾಷ್ ಯಾವುದಾದರೂ ಒಂದು, ಜೋಡಿಯಾಗಿ ಬದಲಿಸು. ಬುಡದಲ್ಲಿ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಅಂಕಿ ಇದೆಯಾ ನೋಡು. ಗಾಜಿಗೆ ಬೆರಳು ಮುಟ್ಟಿಸಬೇಡ, ಕೈಯ ಎಣ್ಣೆ ಅಂಟಿದ ಜಾಗದಲ್ಲಿ ಬಿಸಿ ಏರಿ ಬಲ್ಬ್ ಬೇಗ ಹೋಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬ್ ತರಬೇಡ, ಆ ಬಣ್ಣ ಇರುವ ಬೆಳಕನ್ನೇ ತಿನ್ನುತ್ತದೆ.

ಕಪ್ಪುಮಣ್ಣು33

ಕಾಕಾ, ಇದು ಯಾರೂ ಹೇಳಿರಲಿಲ್ಲ. ಕಿಟ್ ವಿಚಾರ ಸದ್ಯಕ್ಕೆ ಬಿಟ್ಟೆ. ಎರಡೇ ಪ್ರಶ್ನೆ. ರಿಲೇ ಹಾಕಿದ ಮೇಲೆ 100/90 ಬಲ್ಬ್ ಹಾಕಬಹುದಾ? ಸೆಟ್ಟಿಂಗ್ ಎಲ್ಲಿ ಮಾಡಿಸಬೇಕು? ವ್ಹೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಕೇಳಿದರೆ ಕಣ್ಣಳತೆಯಲ್ಲೇ ತಿರುಗಿಸುತ್ತಾರೆ.

ದೀಪದ ಹುಚ್ಚ

ಸೆಟ್ಟಿಂಗ್ ನೀವೇ ಮಾಡಿಕೊಳ್ಳಿ, ದೊಡ್ಡ ವಿದ್ಯೆ ಏನಲ್ಲ. ಟೈರ್ ಗಾಳಿ ಸರಿ ಇರಲಿ, ಟ್ಯಾಂಕ್ ಅರ್ಧ, ಡ್ರೈವರ್ ಸೀಟಿನಲ್ಲಿ ಒಬ್ಬರು. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಎತ್ತರದ ಚಕ್ರ ಇದ್ದರೆ 0ಯಲ್ಲಿಡಿ. ಸಮತಟ್ಟು ಜಾಗ ಬೇಕು, ಶಹಾಬಾದ್ ಫರ್ಸಿ ಹಾಸಿದ ಅಂಗಳ ಇದ್ದರೆ ಮಸ್ತ್. ಗೋಡೆಗೆ ಮೂತಿ ತಾಗಿಸಿ ಎರಡೂ ಬಲ್ಬಿನ ನಡುಮಧ್ಯದ ಎತ್ತರ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆಮೇಲೆ ನೇರ ಹಿಂದಕ್ಕೆ 10 ಮೀಟರ್ ಬನ್ನಿ. ಲೋ ಹಾಕಿದಾಗ ಬೆಳಕಿನ ಮೇಲಂಚು ಗುರುತಿಗಿಂತ 10ರಿಂದ 12 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಗಡೆ ಮಾತ್ರ ಸ್ವಲ್ಪ ಏರಿರಬೇಕು. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ಸೆಟ್ ಮಾಡಿ. ಹೈ ಬೇರೆ ಸೆಟ್ ಮಾಡುವುದಿಲ್ಲ, ಲೋ ಸರಿಯಾದರೆ ಅದೂ ಸರಿಯಾಗುತ್ತದೆ.

ಜಾತ್ರೆಗೋ ಮದುವೆಗೋ ಮನೆಯವರೆಲ್ಲ ಕೂತು ಡಿಕ್ಕಿ ತುಂಬಿಸಿಕೊಂಡು ಹೊರಟಾಗ ಆ ಚಕ್ರವನ್ನು ಒಂದೆರಡು ನಂಬರ್ ತಿರುಗಿಸಿ. ಅದು ಯಾಕಿದೆ ಅಂತಲೇ ಬಹಳ ಜನರಿಗೆ ಗೊತ್ತಿಲ್ಲ. ಮತ್ತೆ ಮುಂದಿನ ಗಾಜು ಒಳಗಡೆಯಿಂದಲೂ ಒರೆಸಿ. ಎದುರಿನ ಲೈಟು ಗಾಜಿನ ತುಂಬಾ ಹರಡಿದರೆ ಅರ್ಧ ತಪ್ಪು ಆ ಜಿಡ್ಡಿನದು, ಇನ್ನರ್ಧ ವೈಪರ್ ಗೀರುಗಳದ್ದು.

ವೈರಿಂಗ್ ಕಾಕಾ

100/90 ಬೇಡ. ಲೆಕ್ಕಕ್ಕೂ ಅದು ರೋಡಿನ ಬಲ್ಬ್ ಅಲ್ಲ, ಬಿಸಿ ಜಾಸ್ತಿ, ನಿನ್ನ ಹಳೆ ರಿಫ್ಲೆಕ್ಟರ್ ಸುಟ್ಟು ಮಂಕಾಗುತ್ತದೆ. ಮೊದಲು 60/55 ರಿಲೇ ಮೇಲೆ ಓಡಿಸು. ಹಾಕಿಸಿದ ಮೇಲೆ ಮತ್ತೆ ಮೀಟರ್ ಹಿಡಿಸು, ಹೋಲ್ಡರ್‌ನಲ್ಲಿ 13.5 ಬರಬೇಕು. ಬರಲಿಲ್ಲ ಅಂದರೆ ಅರ್ಥ್ ವೈರನ್ನು ಗಾಡಿಯ ಬಾಡಿ ತಗಡಿಗೆ ಬಿಗಿಯದೆ ನೇರ ಬ್ಯಾಟರಿ ಮೈನಸ್‌ಗೆ ತಗೋ.